ಏಳನೇ ಕ್ಲಾಸಿನ ಎರಡು ಓಣಿ ಜಗಳಕ್ಕ ಗೀಗೀ ಪದ ಹಾಡಿಸಬೇಕಂತ ಮಾಡೀನಿ, ಮಾಡಿ ನೋಡಿದವ್ರು ಹೇಳ್ರಿ

ಇಂಡಿ ತಾಲೂಕಿನ ಅಕ್ಕೋರು:

ಎಲ್ಲಾರಿಗೂ ಶರಣರಿ. ನಾ ಇಂಡಿ ತಾಲೂಕಿನ ಒಂದು ಹಳ್ಳಿ ಸಾಲ್ಯಾಗ ಆರು, ಏಳು, ಎಂಟನೇ ಕ್ಲಾಸಿಗೆ ಕನ್ನಡ ಮತ್ತ ಸಮಾಜ ವಿಜ್ಞಾನ ಕಲಸ್ತೀನಿ. 11 ವರ್ಷ ಆತು. ಈ ವರ್ಷದಷ್ಟು ಹೈರಾಣ ಯಾವತ್ತೂ ಆಗಿದ್ದಿಲ್ಲ.

ಊರಾಗ ಮ್ಯಾಲಿನ ಓಣಿ, ಕೆಳಗಿನ ಓಣಿ ಅಂತ ಎರಡು ಅದಾವ. ಬ್ಯಾಸಿಗ್ಯಾಗ ಬೋರಿನ ನೀರಿಗೆ ದೊಡ್ಡವರ ನಡುವ ಮಾತು ಬೆಳೀತು. ದೊಡ್ಡವ್ರು ಮಳಿ ಬಂದ ಮ್ಯಾಲ ಮರ್ತರು. ಹುಡುಗ್ರು ಮರೀಲಿಲ್ಲ. ಏಳನೇ ಕ್ಲಾಸಿನ 38 ಮಂದಿ ಈಗ ಬಿಸಿಊಟಕ್ಕ ಎರಡು ಪಾಳಿ ಹಚ್ತಾರ, ಕಬಡ್ಡಿಗೆ ಓಣಿ ಪ್ರಕಾರನ ಟೀಮ್ ಮಾಡ್ತಾರ. ಹೋದ ವಾರ ಮ್ಯಾಲಿನ ಓಣಿ ಹುಡುಗ ಒಬ್ಬಾಂವ ಕೆಳಗಿನ ಓಣಿ ಹುಡುಗನ ಕಂಪಾಸ್ ಬಾಕ್ಸ್ ತಗೊಂಡು ಬಾವ್ಯಾಗ ಒಗದ. ಯಾಕಪಾ ಅಂತ ಕೇಳಿದ್ರ, "ಅಂವ ಕೆಳಗಿನ ಓಣ್ಯಾಂವರೀ ಅಕ್ಕೋರ" ಅಂದ. ಅಷ್ಟ ಕಾರಣ.

ಪ್ರತಿ ಅಕ್ಟೋಬರ್ 2ಕ್ಕ ಶಾಂತಿ ಬಗ್ಗೆ ಭಾಷಣ ಮಾಡಸ್ತೀವಿ, ಪಾರಿವಾಳದ ಚಿತ್ರ ತಗಸ್ತೀವಿ. ಹೋದ ವರ್ಷ ಭಾಷಣದಾಗ ಮೊದಲನೇ ಬಹುಮಾನ ತಗೊಂಡಾಂವನ ಈ ಕಂಪಾಸ್ ಬಾಕ್ಸ್ ಒಗದಾಂವ. ಹುಡುಗ ಕೆಟ್ಟಾಂವಲ್ಲ, ನಾವು ಕಲಿಸಿದ್ದು ಅವನ ಬಾಯಾಗ ಉಳೀತು, ಅಷ್ಟ. ಶಾಂತಿಗೆ ಅಂತ ಬ್ಯಾರೆ ಪಿರಿಯಡ್ ಬ್ಯಾಡ, ಎಲ್ಲಾ ವಿಷಯದೊಳಗ ಬೆರೀಬೇಕು ಅನ್ನೂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿನ್ಯಾಗನ ಬಂದ ಮಾತು. ಆದ್ರ ಹೆಂಗ ಬೆರಸೂದು?

ನಮ್ಮಪ್ಪ ಜಾತ್ರ್ಯಾಗ ನನ್ನ ಹೆಗಲ ಮ್ಯಾಲ ಕುಂಡ್ರಿಸ್ಕೊಂಡು ಹರದೇಶಿ-ನಾಗೇಶಿ, ಅಂದ್ರ ಎರಡು ಮ್ಯಾಳ ಎದುರು-ಬದರು ಸವಾಲ್-ಜವಾಬ್ ಹಾಡೂ ಗೀಗೀ ಪದ, ಕೇಳಸ್ತಿದ್ದ. ಆ ಕಡೆ ಗಂಡು ಹೆಚ್ಚು ಅಂತ ಹಾಡೂದು, ಈ ಕಡೆ ಹೆಣ್ಣು ಹೆಚ್ಚು ಅಂತ ಹಾಡೂದು. ರಾತ್ರಿಯೆಲ್ಲಾ ಒಬ್ಬರ ಮ್ಯಾಲ ಒಬ್ಬರು ಸವಾಲ್ ಹಾಕ್ಕೊಂಡ ಎರಡೂ ಮ್ಯಾಳದವ್ರು ಬೆಳಗಾದ ಮ್ಯಾಲ ಒಂದ ಬಾಕಿನ ಮ್ಯಾಲ ಕೂತು ಚಾ ಕುಡ್ಯೂದು ನೋಡೀನಿ. ಅದು ನನ್ನ ಕಣ್ಣಾಗ ಇನ್ನೂ ಹಂಗ ಅದ. ಅದನ್ನ ಹುಡುಗ್ರಿಗೆ ಕೊಡಬೇಕಂತ ಆಸೆ. ಆದ್ರ ಸವಾಲ್-ಜವಾಬ್ ಅಂದ್ರ ಚುಚ್ಚು ಮಾತೂ ಬರ್ತಾವ. ಮೊದಲ ಹೊತ್ತಿದ ಬೆಂಕಿ, ಇನ್ನಷ್ಟು ಉರಿ ಹಚ್ಚಿದಂಗ ಆದೀತೇನೋ ಅಂತ ಅಂಜಿಕಿ ಅದ. ತಿಂಗಳಿಗೊಮ್ಮೆ ಬರೂ ಸಂಭ್ರಮ ಶನಿವಾರ (ಹುಡುಗ್ರು ಬ್ಯಾಗ್ ಇಲ್ಲದ ಬರೂ ದಿನ) ಮತ್ತ ಉಳಿದ ಶನಿವಾರದ ಕಡೀ ಪಿರಿಯಡ್ ನನ್ನ ಕೈಯಾಗ ಅದಾವ. ಯಾರಾದ್ರೂ ಮಾಡೀರೇನು?

ಜಮಖಂಡಿ ಕಡೆ ಮಾಸ್ತರ, ನಿವೃತ್ತ:

ತಂಗೀ, ನಾ ಮಾಡೇನಿ. ಒಂದು ಸಲ ಕೆಡಿಸೇನಿ, ಒಂದು ಸಲ ಸರಿ ಮಾಡೇನಿ. ಕೆಡಿಸಿದ್ದು ಮೊದಲ ಹೇಳ್ತೇನಿ.

ಮೊದಲನೇ ವರ್ಷ ಎರಡು ಮ್ಯಾಳ ಮಾಡಿ, ಗೆದ್ದವರಿಗೆ ಬಹುಮಾನ ಅಂತ ಇಟ್ಟೆ. ಅಲ್ಲೇ ತಪ್ಪಾತು. ಮೂರನೇ ಸವಾಲಿಗೆ ಒಬ್ಬಾಂವ ಇನ್ನೊಬ್ಬನ ಅಪ್ಪನ ಕುಡಿತದ ಮ್ಯಾಲ ಹಾಡಿದ. ಡಪ್ಪು ಒಂದು ಕಡೆ, ಹುಡುಗ್ರು ಒಂದು ಕಡೆ. ಆ ಅಪ್ಪ ಮರುದಿವಸ ಸಾಲಿಗೆ ಬಂದು ಬಾಗಲದಾಗ ನಿಂತು ಏನೂ ಮಾತಾಡದ ನನ್ನ ನೋಡಿದ. ಆ ನೋಟ ನನಗ ಈಗೂ ನೆನಪೈತಿ.

ಮುಂದಿನ ವರ್ಷ ಬಹುಮಾನ ತಗದೆ, ಒಂದು ನೇಮ ಹಾಕಿದೆ. ಎದುರಿನವರು ಕೇಳಿದ ಸವಾಲನ್ನ ನೀವು ನಿಮ್ಮ ಬಾಯಿಲೆ ತಿರುಗಿ ಹಾಡಬೇಕು. ಅವರು "ಹೌದು, ನಾವು ಕೇಳಿದ್ದು ಇದ" ಅಂತ ಒಪ್ಪಿದ ಮ್ಯಾಲನ ನಿಮಗ ಜವಾಬು ಹೇಳಾಕ ಪಾಳಿ. ಒಪ್ಪಲಿಲ್ಲಂದ್ರ ಮತ್ತ ಹಾಡು. ಇದು ಮ್ಯಾಳದವರ ನೇಮ ಅಲ್ಲ, ನಾ ಸಾಲಿಗಂತ ಮಾಡ್ಕೊಂಡದ್ದು. ಹುಡುಗ್ರಿಗೆ ಮೊದಲ ಮೊದಲ ಭಾಳ ತ್ರಾಸ ಆತು. ಎದುರಿನಾಂವ ಹಾಡುವಾಗ ಇವರು ತಮ್ಮ ಜವಾಬು ಹೊಸಿಯೂದ್ರಾಗ ಇರ್ತಿದ್ರು, ಕೇಳಸ್ಕೊಳ್ತಿದ್ದಿಲ್ಲ. ಎರಡು ತಿಂಗಳ ಮ್ಯಾಲ ಕಿವಿ ತೆರದ್ವು. ಅರ್ಧ ಮುಗಿದ ಮ್ಯಾಲ ಮ್ಯಾಳ ಅದಲು-ಬದಲು ಮಾಡ್ತಿದ್ದೆ: ಹೆಣ್ಣು ಹೆಚ್ಚು ಅಂದವ ಗಂಡು ಹೆಚ್ಚು ಅಂತ ಹಾಡಬೇಕು. ಮನೆತನ, ಜಾತಿ, ಅವ್ವ-ಅಪ್ಪ ಪದದಾಗ ಬರಂಗಿಲ್ಲ.

ಡಪ್ಪು ಊರಾಗ ಯಾರದಾದ್ರೂ ಸಿಗತೈತಿ. ತುಂತುಣಿ ಹುಡುಗ್ರ ಕೈಲೆ ಮಾಡಸ್ರಿ, ಹಾಲಿನ ಪುಡಿ ಡಬ್ಬಿ, ಬಿದಿರು, ಒಂದು ತಂತಿ ಸಾಕು. ಹಿಮ್ಮೇಳಕ್ಕ ಎರಡೂ ಓಣಿ ಹುಡುಗ್ರನ್ನ ಕೂಡಿಸಿ ನಿಲ್ಲಸ್ರಿ. ತಾಳ ತಪ್ಪಬಾರದಂದ್ರ ಒಬ್ಬರ ಮುಖ ಒಬ್ಬರು ನೋಡಬೇಕಾಗತೈತಿ.

ಇನ್ನೊಂದು. ಹಲಸಂಗಿ ನಿಮ್ಮ ಮಗ್ಗಲದಾಗನ ಐತಿ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಊರ ಹಾಡು ಕೂಡಿಸಿ ಬರಕೊಂಡವರು, 1931ರಾಗ ಗರತಿಯರ ಹಾಡುಗಳನ್ನ ಅಚ್ಚು ಹಾಕಿಸಿದವರು. ಲಾವಣಿ ಕಟ್ಟಿದ ಖಾಜಾಭಾಯಿ ಅದ ಊರಿನಾಂವ. ಈ ಹೆಸರುಗಳನ್ನ ಒಂದರ ಪಕ್ಕ ಒಂದು ಬೋರ್ಡಿನ ಮ್ಯಾಲ ಬರೀರಿ. ವಿವರಣೆ ಬ್ಯಾಡ. ಹುಡುಗ್ರು ತಾವ ಕೇಳ್ತಾರ.

ಇಳಕಲ್ಲ ನೇಕಾರರ ಮನೀಯಾಕಿ:

ಮಾಸ್ತರು ಹೇಳಿದ್ದು ಖರೆ ಐತ್ರಿ. ಆದ್ರ ಅಕ್ಕೋರ, ಎಲ್ಲಾ ಕೂಸುಗಳೂ ಹಾಡಂಗಿಲ್ಲ. ನನ್ನ ಮಗ ಆರನೇತ್ತಿ, ಮಾತು ಉಗ್ಗತೈತಿ. ಸವಾಲ್-ಜವಾಬ್ ಅಂದ್ರ ಅಂವ ಆ ದಿನ ಹೊಟ್ಟಿ ನೋವು ಅಂತ ಮನ್ಯಾಗ ಉಳೀತಾನ. ಅಂಥಾ ಕೂಸಿಗೆ ಕೈಗೆ ಏನಾದ್ರೂ ಕೊಡ್ರಿ.

ಕೌದಿ ಹೊಲಸ್ರಿ. ಪ್ರತಿಯೊಬ್ರೂ ಮನಿಯಿಂದ ಒಂದು ಹಳೇ ಅರಬಿ ತರಬೇಕು: ಅವ್ವನ ಸೀರಿ ತುಂಡು, ಅಜ್ಜನ ಧೋತರ, ತಮ್ಮನ ಅಂಗಿ. ಯಾರ ಮನಿಯಾಗಿಂದಂತ ತಂದವ್ರು ಹೇಳಬೇಕು. ನಮ್ಮವ್ವ ಕೌದಿ ಹಾಕೂದು ನಾ ನೋಡೇನಿ: ಅಂಚಿಗೆ ಹಿಡದು ಸುತ್ತ ಸುತ್ತ ದಾರ ಹಾಕ್ಕೋತ ನಡುವಿಗೆ ಬರೂದು. ನಾಕು ಮಂದಿ ನಾಕು ಮಗ್ಗಲಕ್ಕ ಕೂತಿರ್ತಾರ, ಬರಬರ್ತಾ ಮೊಣಕಾಲಿಗೆ ಮೊಣಕಾಲು ಹತ್ತತಾವ. ಎದುರು-ಬದರು ಓಣಿ ಹುಡುಗ್ರನ್ನ ಹಂಗ ಕುಂಡ್ರಸ್ರಿ. ಗಂಡುಹುಡುಗ್ರೂ ಸೂಜಿ ಹಿಡೀಲಿ.

ನಮ್ಮ ಸೀರಿ ಮಾತೊಂದು ಹೇಳ್ತೇನಿ. ಇಳಕಲ್ಲ ಸೀರಿಯೊಳಗ ಒಡಲಿನ ಹಾಸು (ಮಗ್ಗದ ಉದ್ದಕ್ಕ ಬರೂ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಂದೊಂದು ಎಳಿಗೂ ಕೊಂಡಿ ಹಾಕಿ ಕೂಡಸ್ತೇವಿ. ಕೊಂಡಿ ಹಾಕಾಕ ತಾಳ್ಮಿ ಬೇಕು, ಅವಸರ ಮಾಡಿದ್ರ ಎಳಿ ಹರೀತೈತಿ. ಕೂಸುಗಳಿಗೆ ಒಮ್ಮೆ ಮಗ್ಗದ ಮುಂದ ಕುಂಡ್ರಿಸಿ ಇದನ್ನ ತೋರಿಸಿದ್ರ ನನಗ ಭಾಳ ಸಂತೋಷ ಆಗತೈತ್ರಿ.

ಬೆಳಗಾವಿ ಗಡಿ ಊರಿನವನು:

ಮೇಡಂ, ಒಂದು ಮಾತು ಸ್ವಲ್ಪ ಖಾರ ಅನ್ನಿಸಬಹುದು. ನೀರಿನ ವಿಷಯ ನಿಮ್ಮ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಯಿತು. ಕೆಳಗಿನ ಓಣಿಗೆ ನಿಜವಾಗಿಯೂ ನೀರು ಕಡಿಮೆ ಸಿಗುತ್ತಿದ್ದರೆ, ಆ ಮಕ್ಕಳಿಗೆ "ಕೂಡಿ ಬಾಳ್ರಿ" ಅಂತ ಹಾಡಿಸುವುದು ಅವರ ಬಾಯಿ ಮುಚ್ಚಿಸಿದ ಹಾಗೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಆಮೇಲೆ ಹಾಡಿಸಿ. ಮೊದಲ ಸವಾಲು ಬೋರಿನ ಬಗ್ಗೆಯೇ ಇರಲಿ. ಬೀಸುವ ಕಲ್ಲಿನ ಪದಗಳಲ್ಲಿ ನಮ್ಮ ಅಜ್ಜಿಯರು ಅತ್ತೆಯ ಕಾಟ, ತವರಿನ ನೆನಪು ಎಲ್ಲವನ್ನೂ ಹಾಡಿಕೊಂಡರಲ್ಲ, ನೋವನ್ನು ಬಚ್ಚಿಡಲಿಲ್ಲ.

ನಮ್ಮೂರಲ್ಲಿ ಜಗಳ ಕನ್ನಡ-ಮರಾಠಿಯದು. ಕಲ್ಗಿ-ತುರಾ, ಅಂದರೆ ಹೀಗೇ ಎರಡು ಪಕ್ಷವಾಗಿ ಸವಾಲ್-ಜವಾಬ್ ಹಾಡುವ ಲಾವಣಿ ಪರಂಪರೆ, ಎರಡೂ ಭಾಷೆಯಲ್ಲಿ ಇದೆ ಅನ್ನುವುದು ನನಗೆ ತಿಳಿದದ್ದೇ ನೌಕರಿಗೆ ಸೇರಿದ ಮೇಲೆ. ಹುಡುಗನಿದ್ದಾಗ ಯಾರಾದರೂ ಹೇಳಿದ್ದರೆ ಪಕ್ಕದ ಬೆಂಚಿನವನ ಜೊತೆ ಮೂರು ವರ್ಷ ಮಾತು ಬಿಡುತ್ತಿರಲಿಲ್ಲ. ಮೊಹರಂ ಹೊತ್ತಿಗೆ ನಮ್ಮ ಭಾಗದ ಹಳ್ಳಿಗಳಲ್ಲಿ ಹಿಂದೂಗಳೂ ಡೋಲಿ ಹೊರುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುತ್ತಾರೆ. ನಿಮ್ಮೂರಲ್ಲೂ ಹಾಡುವ ಹಿರಿಯರು ಇದ್ದರೆ, ಎರಡೂ ಓಣಿಯಿಂದ ಒಬ್ಬೊಬ್ಬ ಹುಡುಗನನ್ನು ಜೋಡಿ ಮಾಡಿ ಬರೆದುಕೊಂಡು ಬರಲು ಕಳಿಸಿ.

ಇಂಡಿ ತಾಲೂಕಿನ ಅಕ್ಕೋರು (ನಾಕು ವಾರದ ಮ್ಯಾಲ):

ಮಾಸ್ತರ, ಅಕ್ಕಾ, ಅಣ್ಣಾರ, ಮೂವರಿಗೂ ಕೈ ಮುಗೀತೀನಿ. ಬೆಳಗಾವಿ ಅಣ್ಣಾರ ಮಾತು ಓದಿ ಆ ರಾತ್ರಿ ನಿದ್ದಿ ಬರಲಿಲ್ಲ. ಮೊದಲ ಶನಿವಾರ ನೀರಿಂದನ ಸುರು ಮಾಡಿದೆ. ಕೆಳಗಿನ ಓಣಿ ಹುಡುಗಿ ಒಬ್ಬಾಕಿ, ಕ್ಲಾಸಿನಾಗ ಬಾಯಿ ತಗೀದಾಕಿ, ತಾನ ಕಟ್ಟಿದ್ದು:

ಕೊಡ ತಂದು ಇಟ್ಟೀವಿ ಮುಂಜಾನೆ ಐದಕ್ಕ
ಪಾಳಿ ಬರೂದ್ರಾಗ ಕರೆಂಟ್ ಹೋತು ಯಾತಕ್ಕ
ಮ್ಯಾಲಿನ ಓಣಿ ಜಾಣರ, ಹೇಳರಿ ಇದರ ಲೆಕ್ಕ
ಗೀಯ ಗೀಯ ಗಾಗಿಯ ಗೀಯ

ತಿರುಗಿ ಹಾಡೂ ಪಾಳಿ ಬಂದದ್ದು ಕಂಪಾಸ್ ಬಾಕ್ಸ್ ಒಗದಾಂವಗ. ಮೊದಲ "ಆರಕ್ಕ" ಅಂತ ಹಾಡಿದ. ಆಕಿ ಒಪ್ಪಲಿಲ್ಲ. ಎರಡನೇ ಸಲ ಕರೆಂಟ್ ಮಾತು ನುಂಗಿದ. ಆಕಿ ಮತ್ತ ಒಪ್ಪಲಿಲ್ಲ. ಮೂರನೇ ಸಲ ಎಲ್ಲಾ ಸರಿ ಹಾಡಿ, ಪದ ಬಿಟ್ಟು ಸುಮ್ಮನ ಕೇಳಿದ: "ಐದಕ್ಕ ಯಾಕ ಬರ್ತೀರಿ? ಕತ್ತಲ ಇರ್ತದಲ್ಲ?"

"ಆರಕ್ಕ ಬಂದ್ರ ನೀವು ಇರ್ತೀರಿ" ಅಂದಳು.

ಡಪ್ಪು ಬಾರಸೂ ಹುಡುಗ ಕೈ ಮರ್ತು ನಿಂತಿದ್ದ. ಆ ದಿನ ಜವಾಬು ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮುಂದಿನ ವಾರ ಎರಡೂ ಓಣಿಯಿಂದ ಮೂರು ಮೂರು ಮಂದಿ ಮುಂಜಾನೆ ಬೋರಿನ ಮುಂದ ನಿಂತು ಯಾರಿಗೆ ಎಷ್ಟು ಕೊಡ ಅಂತ ನೋಟ್‌ಬುಕ್‌ನ್ಯಾಗ ಬರಕೊಂಡ್ರು. ಕೆಳಗಿನ ಓಣಿ ಹುಡುಗಿ ಸುಳ್ಳು ಹೇಳಿದ್ದಿಲ್ಲ. ಆ ಲೆಕ್ಕ ತಗೊಂಡು ಹೆಡ್‌ಮಾಸ್ತರ ಪಂಚಾಯ್ತಿಗೆ ಹೋಗಿ ಬಂದಾರ, ಇನ್ನೂ ಏನೂ ತೀರ್ಮಾನ ಆಗಿಲ್ಲ.

ಬಿಸಿಊಟಕ್ಕ ಇನ್ನೂ ಎರಡು ಪಾಳಿನ ಅದಾವ. ಕಂಪಾಸ್ ಬಾಕ್ಸ್ ಬಾವ್ಯಾಗನ ಅದ. ಇಳಕಲ್ಲ ಅಕ್ಕಾ, ಕೌದಿ ಅಂಚು ಮುಗಿದು ಎರಡು ಗೇಣು ಒಳಗ ಬಂದೀವಿ. ಆ ಹುಡುಗ ತನ್ನ ಅಜ್ಜಿ ಸೀರಿ ತುಂಡು ತಂದಾನ, ಸೂಜಿ ಪೋಣಿಸಾಕ ಬರೂದಿಲ್ಲ. ಪೋಣಿಸಿ ಕೊಡೂದು ಬಾಕ್ಸ್ ಕಳಕೊಂಡಾಂವ.

ಮಾಸ್ತರ, ಮಳಿ ಹವಾಕ್ಕ ಡಪ್ಪು ಥಂಡ ಹಿಡದು ಸಪ್ಪಳನ ಬರವಲ್ದು. ಏನ್ ಮಾಡಲಿ?

ಜಮಖಂಡಿ ಕಡೆ ಮಾಸ್ತರ, ನಿವೃತ್ತ:

ಜ್ವಾಳದ ಕಣಿಕಿ ಉರಿ ಹಾಕಿ, ಮೊಳ ದೂರ ಹಿಡದು ತಿರುವ್ರಿ. ಬೆರಳಿಲೆ ಬಡದು ನೋಡ್ಕೋತ ಇರ್ರಿ. ಹೆಚ್ಚು ಕಾಸಬ್ಯಾಡ್ರಿ, ತೊಗಲು ಸೀಳತೈತಿ. ಆ ಹುಡುಗಿ ಪದ ಪೂರ್ತಿ ಬರದು ಹಾಕು ತಂಗೀ, ನಾ ಕೇಳಬೇಕು.