ಪದಚರ್ಚೆ: ಗಡಿಯ ಸರ್ಕಾರಿ ನೆಲ ಸೇನೆಗೆ ಹೋದರೆ ಅದನ್ನು ಏನೆನ್ನಬೇಕು?

ಕೇಳಿದವರು (ಮೈಸೂರಿನಿಂದ):

ನಮಸ್ಕಾರ. ಅವಸರದಲ್ಲಿದ್ದೇನೆ, ಕ್ಷಮಿಸಿ. ಅಮೆರಿಕ–ಮೆಕ್ಸಿಕೋ ಗಡಿಯ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಕೊಡಬೇಕು. ಮೂರು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು ‘ನ್ಯಾಷನಲ್ ಡಿಫೆನ್ಸ್ ಏರಿಯಾ’. 2025ರ ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೋ ಗಡಿಯ ಸುಮಾರು 1,10,000 ಎಕರೆ ಸರ್ಕಾರಿ ನೆಲವನ್ನು ಮೂರು ವರ್ಷದ ಮಟ್ಟಿಗೆ ಸೇನೆಗೆ ವಹಿಸಿದರು. ಅದಕ್ಕಿಟ್ಟ ಹೆಸರು ಇದು. ‘ರಾಷ್ಟ್ರೀಯ ರಕ್ಷಣಾ ಪ್ರದೇಶ’ ಎಂದು ಬರೆದೆ. ಓದಿದರೆ ಹುಲಿಗೆ ಬಿಟ್ಟ ಕಾಡಿನ ಹಾಗಿದೆ.

ಎರಡನೆಯದು ‘ರೂಸ್‌ವೆಲ್ಟ್ ರಿಸರ್ವೇಶನ್’. ಅಧ್ಯಕ್ಷ ರೂಸ್‌ವೆಲ್ಟ್ 1907ರಲ್ಲಿ ಗಡಿಗುಂಟ ಸರ್ಕಾರಕ್ಕೆಂದು ತೆಗೆದಿಟ್ಟ ನೆಲದ ಪಟ್ಟಿ ಅದು. ಕಂಪ್ಯೂಟರ್ ‘ರೂಸ್‌ವೆಲ್ಟ್ ಮೀಸಲಾತಿ’ ಎಂದಿತು. ನಕ್ಕೆ. ಆದರೆ ನನಗೂ ಬೇರೆ ಹೊಳೆಯಲಿಲ್ಲ.

ಮೂರನೆಯದು ಒಂದು ಫೋಟೋ. ಮರಳುಗಾಡಿನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್‌ನಲ್ಲಿ ‘ರಿಸ್ಟ್ರಿಕ್ಟೆಡ್ ಏರಿಯಾ’ ಎಂಬ ಬೋರ್ಡು. ಅಡಿಬರಹ ಬೇಕು. ‘ನಿಷೇಧಿತ ಪ್ರದೇಶ’ ಸಾಕಾ?

ಸಾಗರದಿಂದ:

ಮೀಸಲಾತಿ ಬೇಡ, ‘ರೂಸ್‌ವೆಲ್ಟ್ ಮೀಸಲು’ ಸಾಕು. ಮೀಸಲು ಅರಣ್ಯ ಅನ್ನುವುದಿಲ್ಲವೇ? ದೇವರಿಗೆಂದು ತೆಗೆದಿಟ್ಟದ್ದು ಮೀಸಲು. ಅದಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಮೊದಲ ಕರುವಿನ ಹಾಲು ಮೀಸಲು ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಆತಿ’ ಅಂಟಿಸಿದ್ದು ಆಮೇಲಿನ ಕಚೇರಿ ಕನ್ನಡ.

‘ರಾಷ್ಟ್ರೀಯ’, ‘ರಕ್ಷಣಾ’, ‘ಪ್ರದೇಶ’. ಮೂರೂ ಸಂಸ್ಕೃತ. ಒಂದಾದರೂ ಕನ್ನಡ ಹಾಕಬಾರದೇ? ‘ನಾಡಕಾಪು ನೆಲ’.

ಬೆಂಗಳೂರಿನಿಂದ:

‘ನಾಡಕಾಪು ನೆಲ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಅವರಿಗೆ ಆರು ಗಂಟೆಗೆ ಬೇಕು, ಆರು ತಲೆಮಾರಿನ ಮೇಲಲ್ಲ.

ನನ್ನ ಮಾತು ಕೇಳಿ, ‘ದಂಡು’ ಹಾಕಿ. ಕಂಟೋನ್ಮೆಂಟಿಗೆ ನಮ್ಮ ಅಜ್ಜಿ ದಂಡು ಎಂದೇ ಅನ್ನುತ್ತಿದ್ದರು. ಅಮೆರಿಕ ಮಾಡಿದ್ದೂ ಅದನ್ನೇ. ಊರಿಲ್ಲದ ನೆಲವನ್ನು ಕಾಗದದ ಮೇಲೆ ದಂಡು ಮಾಡಿತು. ನ್ಯೂ ಮೆಕ್ಸಿಕೋದ ಆ ನೆಲ ಪಕ್ಕದ ಅರಿಜೋನದ ಫೋರ್ಟ್ ವಾಚೂಕ ಎಂಬ ನೆಲೆಯ ಭಾಗ ಎಂದು ಲೆಕ್ಕಕ್ಕೆ ಸೇರಿಸಿದರು.

ಯಾಕೆ ಗೊತ್ತೇ? ಪೊಲೀಸರ ಕೆಲಸಕ್ಕೆ ಸೇನೆ ಕೈ ಹಾಕಬಾರದು ಎಂದು 1878ರಿಂದ ಅಲ್ಲಿ ಕಾನೂನಿದೆ. ಆದರೆ ತನ್ನ ನೆಲೆಯೊಳಗೆ ನುಗ್ಗಿದವನನ್ನು ಸೈನಿಕ ತಡೆದು ನಿಲ್ಲಿಸಬಹುದು. ಸರಿ, ಗಡಿಯನ್ನೇ ನೆಲೆ ಎಂದು ಕರೆದರೆ ಆಯಿತಲ್ಲ! ಗಡಿ ದಾಟಿದವನು ಆ ಕ್ಷಣಕ್ಕೆ ಸೇನೆಯ ಬೇಲಿ ಹಾರಿದವನೂ ಆದ. ಸೈನಿಕ ಹಿಡಿದು ನಿಲ್ಲಿಸಿ ಗಡಿ ಪೊಲೀಸರಿಗೆ ಒಪ್ಪಿಸುತ್ತಾನೆ. ಇಡೀ ಆಟ ಇರುವುದೇ ಹೆಸರಿನಲ್ಲಿ. ‘ರಕ್ಷಣಾ ಪ್ರದೇಶ’ ಎಂದರೆ ಆ ಆಟ ಓದುಗರಿಗೆ ಕಾಣುವುದೇ ಇಲ್ಲ.

ಸಾಗರದಿಂದ:

> ದಂಡು ಹಾಕಿ

‘ದಂಡ’ದ ತದ್ಭವ. ಸಂಸ್ಕೃತವೇ. ‘ಪಡೆ’ ಇದೆಯಲ್ಲ.

ಬೆಂಗಳೂರಿನಿಂದ:

ಪಡೆ ಎಂದರೆ ಜನ. ದಂಡು ಎಂದರೆ ಜನವೂ ಹೌದು, ಅವರು ಬೀಡುಬಿಟ್ಟ ಜಾಗವೂ ಹೌದು. ತದ್ಭವ ಬಿಡಬೇಕು ಎಂದರೆ ‘ಅಕ್ಕರ’, ‘ಬಣ್ಣ’ ಎರಡನ್ನೂ ಬಿಡಿ, ನೋಡೋಣ.

ಧಾರವಾಡದಿಂದ:

ಇಬ್ಬರೂ ಸ್ವಲ್ಪ ತಣ್ಣಗಾಗಿ. ‘ಗಡಿ ಪಟ್ಟಿ’ ಸಾಕಲ್ಲ? ರೂಸ್‌ವೆಲ್ಟ್ ಮೀಸಲು ಎಂದರೆ 60 ಅಡಿ ಅಗಲದ ಪಟ್ಟಿ ತಾನೇ.

ಎಲ್ ಪಾಸೋದಿಂದ (ಟೆಕ್ಸಾಸ್):

ಪಟ್ಟಿ ತಪ್ಪು. ಲೆಕ್ಕ ಹಾಕಿ. 60 ಅಡಿ ಅಗಲದ ಪಟ್ಟಿ ಎಂದರೆ ಒಂದು ಮೈಲಿಗೆ ಏಳೂಕಾಲು ಎಕರೆ. ನ್ಯೂ ಮೆಕ್ಸಿಕೋದ ಗಡಿ ಸುಮಾರು 180 ಮೈಲಿ. ಒಟ್ಟು 1,300 ಎಕರೆ ಆದೀತು. ಉಳಿದ ಲಕ್ಷದ ಮೇಲಿನ ಎಕರೆ ಎಲ್ಲಿಂದ ಬಂತು? ಪಟ್ಟಿಯಾಚೆಗೂ ತೆಗೆದುಕೊಂಡಿದ್ದಾರೆ. ಜನ ಬೇಟೆಗೆ, ಚಾರಣಕ್ಕೆ ಹೋಗುತ್ತಿದ್ದ, ದನ ಮೇಯುತ್ತಿದ್ದ ನೆಲವೂ ಅದರಲ್ಲಿದೆ.

ಇನ್ನೊಂದು. ಟೆಕ್ಸಾಸ್ ಭಾಗಕ್ಕೆ ‘ರೂಸ್‌ವೆಲ್ಟ್ ಮೀಸಲು’ ಹಾಕಬೇಡಿ. 1907ರ ಘೋಷಣೆ ಕ್ಯಾಲಿಫೋರ್ನಿಯಾ, ಅರಿಜೋನ, ನ್ಯೂ ಮೆಕ್ಸಿಕೋಗೆ ಮಾತ್ರ. ಆಗ ಕಾರಣ ಕೊಟ್ಟದ್ದು ಸರಕಿನ ಕಳ್ಳಸಾಗಣೆ ತಡೆಯುವುದು. ನಮ್ಮ ಕಡೆ 2025ರ ಮೇನಲ್ಲಿ ಮಾಡಿದ ವಲಯವನ್ನು ಇಲ್ಲಿನ ಫೋರ್ಟ್ ಬ್ಲಿಸ್ ಸೇನಾ ನೆಲೆಗೆ ಸೇರಿಸಿದ್ದಾರೆ. ಆ ಬೋರ್ಡುಗಳನ್ನು ನಾನು ದೂರದಿಂದ ನೋಡಿದ್ದೇನೆ. ಹತ್ತಿರ ಹೋಗಿ ಓದುವ ಧೈರ್ಯ ಬರಲಿಲ್ಲ. ವೀಸಾದ ಮೇಲೆ ಇರುವವನು ನಾನು.

ಚಳ್ಳಕೆರೆಯಿಂದ:

ದನ ಮೇಯುವ ನೆಲ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಇದಕ್ಕೆ ಪದ ಇದೆ. ‘ಕಾವಲು’.

ಅಮೃತಮಹಲ್ ಕಾವಲು ಕೇಳಿದ್ದೀರಲ್ಲ? ‘ಕಾ’ ಎಂಬ ಧಾತು, ಕಾಯುವುದು. ಕಾವಲು ಎಂದರೆ ಪಹರೆ. ಪಹರೆ ಹಾಕಿ ಉಳಿಸಿಕೊಂಡ ಹುಲ್ಲುಗಾವಲೂ ಕಾವಲೇ. ಯಾರಿಗಾಗಿ ಉಳಿಸಿದ್ದು? ದಂಡಿಗಾಗಿ. ಫಿರಂಗಿ, ಸಾಮಾನು ಎಳೆಯುವ ಎತ್ತುಗಳ ತಳಿ ಅಲ್ಲಿ ಬೆಳೆಯುತ್ತಿತ್ತು. ಒಡೆಯರ ಕಾಲದಲ್ಲಿ ಅದು ‘ಬೆಣ್ಣೆ ಚಾವಡಿ’. ‘ಅಮೃತ ಮಹಲ್’ ಎಂದು ಹೆಸರು ಬದಲಿಸಿದವನು ಟಿಪ್ಪು. ಅಂದರೆ ಸರ್ಕಾರಿ ನೆಲ, ಸೇನೆ, ಪಹರೆ, ಮೂರೂ ಒಂದೇ ಪದದಲ್ಲಿವೆ. ಇನ್ನೇನು ಬೇಕು?

ನಮ್ಮಲ್ಲಿ ವರವು ಕಾವಲು, ಉಳ್ಳಾರ್ತಿ ಕಾವಲು ಎಲ್ಲ ಸೇರಿ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಗೆ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಅದು ವಲಸೆ ತಡೆಯಲಿಕ್ಕಲ್ಲ, ಒಪ್ಪುತ್ತೇನೆ. ಆದರೆ ಗೋಡೆ ಎದ್ದ ಮೇಲೆ ಕುರಿ ಹೊಡೆದುಕೊಂಡು ಹೋದವನಿಗೆ ಕಂಡದ್ದು ಬೋರ್ಡೇ. ‘ಅತಿಕ್ರಮ ಪ್ರವೇಶ’ ಎಂಬ ಮಾತು ಅವನು ಕೇಳಿದ್ದು ಅವತ್ತೇ ಮೊದಲು. ಅವನ ಲೆಕ್ಕದಲ್ಲಿ ಅತಿಕ್ರಮ ಮಾಡಿದ್ದು ಗೋಡೆ.

ಬೆಂಗಳೂರಿನಿಂದ:

ಕಾವಲು ಚೆನ್ನಾಗಿದೆ. ಆದರೆ ಮೈಸೂರು ಸೀಮೆ ದಾಟಿದರೆ ಬರೀ ವಾಚ್‌ಮನ್ ನೆನಪಾಗುತ್ತಾನೆ.

ಧಾರವಾಡದಿಂದ:

ಖರೇ. ನಮ್ಮ ಕಡೆ ದನ ಮೇಯುವ ಸರ್ಕಾರಿ ನೆಲಕ್ಕೆ ಗಾಯರಾಣ. ಕಾವಲು ಎಂದರೆ ಹೊಲ ಕಾಯುವುದು ಅಷ್ಟೇ.

ಸಾಗರದಿಂದ:

ಗಾಯರಾಣ ಮರಾಠಿ.

ಧಾರವಾಡದಿಂದ:

ನಮ್ಮ ಅಜ್ಜ ಆಡಿದ ಮಾತು ಅದು. ನಿಮ್ಮ ‘ಅರ್ಜಿ’, ‘ಜಮೀನು’, ‘ಸರ್ಕಾರ’ ಎಲ್ಲಿಂದ ಬಂದವು? ಪಹಣಿಯನ್ನು ಅಚ್ಚಗನ್ನಡದಲ್ಲಿ ಬರೆಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ. ಎರವಲು ಪದಕ್ಕೂ ವೀಸಾ ಕೇಳುವವರು ನೀವು.

ಮಂಗಳೂರಿನಿಂದ:

ಬೋರ್ಡಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ‘ನಿಷೇಧಿತ’ ಅಲ್ಲ, ‘ನಿರ್ಬಂಧಿತ’. ನಿಷೇಧ ಎಂದರೆ ಹೋಗಲೇಬಾರದು. ನಿರ್ಬಂಧ ಎಂದರೆ ಅನುಮತಿ ಇದ್ದವರು ಹೋಗಬಹುದು.

ಇದು ಸುಮ್ನೆ ಕೂದಲು ಸೀಳುವುದಲ್ಲ. 2025ರ ಮೇನಲ್ಲಿ ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ನ ನ್ಯಾಯಾಧೀಶರೊಬ್ಬರು 98 ವಲಸಿಗರ ಮೇಲಿದ್ದ ಸೇನಾ ನೆಲದ ಅತಿಕ್ರಮ ಪ್ರವೇಶದ ಆರೋಪವನ್ನು ತಳ್ಳಿಹಾಕಿದರು. ಅದು ಸೇನೆಯ ನೆಲ ಎಂದು ಅವರಿಗೆ ತಿಳಿದಿತ್ತು ಎನ್ನಲು ಆಧಾರ ಇಲ್ಲ ಎಂಬುದು ಕಾರಣ. ಅಕ್ರಮವಾಗಿ ಗಡಿ ದಾಟಿದ ಆರೋಪ ಬೇರೆ, ಅದು ಹಾಗೇ ಉಳಿಯಿತು. ಅಂದರೆ ಬೋರ್ಡು ನೆಟ್ಟರೆ ಸಾಲದು, ಅದು ಕಣ್ಣಿಗೆ ಬಿದ್ದಿರಬೇಕು, ಅರ್ಥವೂ ಆಗಿರಬೇಕು. ಕತ್ತಲಲ್ಲಿ ನಡೆದು ಬಂದವನಿಗೆ ಇಂಗ್ಲಿಷೇನು, ಸ್ಪ್ಯಾನಿಷೇನು. ‘ನಿರ್ಬಂಧಿತ’ ಎಂದು ಬರೆದರೆ ನಮ್ಮಲ್ಲೂ ಅರ್ಧ ಜನಕ್ಕೆ ತಿಳಿಯಲ್ಲ ಬಿಡಿ.

ಕೇಳಿದವರು:

ಐದೂಮುಕ್ಕಾಲು. ಕಳಿಸಿಬಿಟ್ಟೆ. ‘ರೂಸ್‌ವೆಲ್ಟ್ ಮೀಸಲು’ ಉಳಿಯಿತು, ಸಾಗರದವರಿಗೆ ಋಣಿ. ನ್ಯಾಷನಲ್ ಡಿಫೆನ್ಸ್ ಏರಿಯಾಕ್ಕೆ ಮೊದಲ ಸಲ ‘ಸೇನಾ ನೆಲೆ ಎಂದು ಘೋಷಿಸಿದ ಗಡಿ ನೆಲ’ ಎಂದು ಉದ್ದಕ್ಕೆ ಬರೆದು, ಮುಂದೆ ಬರೀ ‘ದಂಡಿನ ನೆಲ’ ಎಂದಿದ್ದೇನೆ. ಕಾವಲು ತುಂಬಾ ಕಾಡಿತು. ಆದರೆ ಅದಕ್ಕೆ ಅರ್ಧ ಪುಟ ವಿವರಣೆ ಬೇಕಾಗುತ್ತಿತ್ತು, ಜಾಗ ಇರಲಿಲ್ಲ. ಫೋಟೋದ ಅಡಿಬರಹ: ‘ಇದು ಸೇನೆಯ ಜಾಗ. ಅಪ್ಪಣೆ ಇಲ್ಲದೆ ಒಳಗೆ ಬರಬೇಡಿ.’

ಸಾಗರದಿಂದ:

‘ಜಾಗ’ ಕನ್ನಡ ಅಲ್ಲ. ಫಾರ್ಸಿ.