ಮಪುಟೊ ಕೋಟೆ ನೋಡೋಕೆ ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ, ಕೆಲಸದ ಮೇಲೆ ಮೊಜಾಂಬಿಕ್ ರಾಜಧಾನಿ ಮಪುಟೊಗೆ ಬಂದು ಮೂರು ವಾರ ಆಯ್ತು. ಹೋದ ಶನಿವಾರ ಬಂದರಿನ ಹತ್ರ ಇರೋ ಪೋರ್ಚುಗೀಸರ ಕೋಟೆಗೆ ಹೋಗಿದ್ದೆ, ಅರ್ಧ ಗಂಟೆಲಿ ಮುಗಿಯುತ್ತೆ ಅಂದ್ಕೊಂಡಿದ್ದೆ, ಚಿಕ್ಕ ಕೋಟೆ ತಾನೆ, ಆದ್ರೆ ತಲೆಯಿಂದ ಹೋಗ್ತಾನೇ ಇಲ್ಲ. ಅಂಗಳದಲ್ಲಿ ಕುದುರೆ ಮೇಲೆ ಕೂತಿರೋ ಪೋರ್ಚುಗೀಸ್ ಸೇನಾಧಿಕಾರಿ ಮೊಸಿನ್ಯೊ ಡಿ ಅಲ್ಬುಕರ್ಕ್ ಪ್ರತಿಮೆ, 1895ರಲ್ಲಿ ಇಲ್ಲಿನ ದಕ್ಷಿಣ ಭಾಗದಲ್ಲಿದ್ದ ಗಾಜಾ ಅನ್ನೋ ರಾಜ್ಯದ ರಾಜ ಗುಂಗುನ್ಯಾನೆಯನ್ನ ಹಿಡಿದವನು ಇವನೇ. ಮೊದ್ಲು ಊರಿನ ಮೇನ್ ಚೌಕದಲ್ಲಿ ಇತ್ತಂತೆ, 1975ರಲ್ಲಿ ಸ್ವಾತಂತ್ರ್ಯ ಬಂದಾಗ ಎತ್ತಿ ಇಲ್ಲಿ ತಂದಿಟ್ಟಿದ್ದಾರೆ. ಅದೇ ಕೋಟೆಯೊಳಗೆ ಒಂದು ಕೋಣೆಲಿ ಗುಂಗುನ್ಯಾನೆಯ ಕೆತ್ತನೆ ಮಾಡಿದ ಮರದ ಶವಪೆಟ್ಟಿಗೆ! ಅಟ್ಲಾಂಟಿಕ್ ಸಾಗರದ ಪೋರ್ಚುಗೀಸ್ ಅಜೋರ್ಸ್ ದ್ವೀಪದಲ್ಲಿ ಗಡಿಪಾರಾಗಿ 1906ರಲ್ಲಿ ತೀರ್ಕೊಂಡ, ಅವಶೇಷ ಅಂತ 1985ರಲ್ಲಿ ವಾಪಸ್ ತಂದ್ರು. ಹಿಡಿದವನು, ಸಿಕ್ಕಿಬಿದ್ದವನು ಒಂದೇ ಕಾಂಪೌಂಡಲ್ಲಿ, ನೋಡಿ ಹೇಗಿದೆ.

ಆಫೀಸಲ್ಲಿ ಒಬ್ರು ಗುಂಗುನ್ಯಾನೆ ನಮ್ಮ ಹೀರೋ ಅಂತಾರೆ, ಇನ್ನೊಬ್ರು ಇಲ್ಲಿನ ಚೋಪಿ ಜನಾಂಗದವರು, ನಮ್ಮ ಅಜ್ಜಂದಿರನ್ನ ಹಿಂಸೆ ಮಾಡಿದೋನು ಅಂತ ಮುಖ ತಿರುಗಿಸ್ತಾರೆ. ಪೆಟ್ಟಿಗೆಲಿ ಇರೋದು ಬರೀ ಮಣ್ಣು ಅಂತ ಹೇಳೋರೂ ಇದ್ದಾರೆ.

ನನಗೆ ಪೋರ್ಚುಗೀಸ್ ಬರಲ್ಲ, ಫಲಕ ಓದೋಕೆ ಫೋನ್ ಹಿಡಿದು ಹಿಡಿದು ಬ್ಯಾಟರಿ ಖಾಲಿ ಆಯ್ತು. ಮುಂದಿನ ವಾರ ಅಪ್ಪ ಅಮ್ಮ ಬರ್ತಿದ್ದಾರೆ, ಅವರನ್ನ ಕರ್ಕೊಂಡು ಮತ್ತೆ ಹೋಗಬೇಕು. ಇಂಗ್ಲಿಷಲ್ಲಿ ವಿವರಿಸೋ ಗೈಡ್ ಯಾರಾದ್ರೂ ಗೊತ್ತಾ? ಅಮ್ಮಂಗೆ ಮಂಡಿ ನೋವು, ಗೋಡೆ ಮೇಲೆ ಹತ್ತೋ ಇಳಿಜಾರು ಅವರಿಗೆ ಆಗುತ್ತಾ? ರೈಲ್ವೆ ಸ್ಟೇಷನ್ನಿಂದ ನಡ್ಕೊಂಡೇ ಹೋಗಬಹುದಾ, ಟ್ಯಾಕ್ಸಿ ಹಿಡೀಬೇಕಾ? ಇಲ್ಲಿ ಇರೋ ಕನ್ನಡದವರು ಯಾರಾದ್ರೂ ಇದ್ರೆ ದಯವಿಟ್ಟು ಕಾಮೆಂಟ್ ಹಾಕಿ, ಮನೇಲಿ ಒಳ್ಳೆ ಫಿಲ್ಟರ್ ಕಾಫಿ ಪುಡಿ ಇದೆ, ಕುಡಿಸ್ತೀನಿ.