ಘಾಟಿ ಹತ್ತುವ ಕಾರಿಗೆ ರೀಮ್ಯಾಪ್ ಮಾಡಿಸಿದರೆ ಟರ್ಬೋ ತಡೆಯುತ್ತದಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಎಲ್ಲರಿಗೂ ನಮಸ್ಕಾರ. ನನ್ನದು 1.3 ಲೀಟರಿನ ಡೀಸೆಲ್ ಕಾರು, 75 ಪವರಿನದು. 1,18,000 ಕಿಲೋಮೀಟರ್ ಓಡಿದೆ. ವಾರಕ್ಕೆ ಎರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತೇನೆ. ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು. ಹತ್ತುವಾಗ ಗಾಡಿ ಒದ್ದಾಡುತ್ತದೆ. ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡುವ ಒಬ್ಬರು ಪವರ್ ನೂರಕ್ಕೆ ತರುತ್ತೇವೆ, ಟರ್ಬೋಗೆ ಏನೂ ಆಗಲ್ಲ ಅಂತಾರೆ. ಊರಿನ ಮೆಕ್ಯಾನಿಕ್ ಬೇಡವೇ ಬೇಡ ಅಂತಾರೆ, ಯಾಕೆ ಅಂತ ಹೇಳಲ್ಲ. ಟರ್ಬೋ ಕೆಲಸ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ (ಟರ್ಬೋ ರಿಪೇರಿ, ಶಿವಮೊಗ್ಗ ಆಟೋ ಕಾಂಪ್ಲೆಕ್ಸ್):
ನಿಮ್ಮ ಮೆಕ್ಯಾನಿಕ್ ಹೆದರಿದ್ದರಲ್ಲಿ ಅರ್ಥ ಇದೆ. ಹಾಗಂತ ರೀಮ್ಯಾಪ್ ಮಾಡಿಸಿದ ಕೂಡಲೇ ಟರ್ಬೋ ಹೋಗುತ್ತದೆ ಅಂತಲೂ ಅಲ್ಲ. ಟರ್ಬೋ ಅಂದರೆ ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಚಕ್ರದ ಜೋಡಿ. ನನ್ನ ಮೇಜಿಗೆ ಬರುವ ಟರ್ಬೋಗಳಲ್ಲಿ ತಾನಾಗಿ ಕೆಟ್ಟದ್ದು ಅಪರೂಪ. ಕೊಳೆ ಆಯಿಲ್, ಧೂಳು, ವಿಪರೀತ ಬಿಸಿ, ಮಿತಿ ಮೀರಿದ ಸ್ಪೀಡ್. ಇವುಗಳಲ್ಲಿ ಒಂದು ಅದನ್ನು ತಿಂದಿರುತ್ತದೆ. ರೀಮ್ಯಾಪ್ ಮಾಡಿದರೆ ಬಿಸಿ, ಸ್ಪೀಡ್ ಎರಡೂ ಏರುತ್ತವೆ. ಆಯಿಲಿನ ತೊಂದರೆ ಮೊದಲೇ ಒಳಗಿದ್ದರೆ ಬೇಗ ಹೊರಗೆ ಬೀಳುತ್ತದೆ.

ಸ್ಪೀಡ್ ಅಂದರೆ ಎಷ್ಟು ಅಂತ ಹೇಳಬೇಕು. ಎಂಜಿನ್ 4,000 ಸುತ್ತು ತಿರುಗುವಾಗ ಇಷ್ಟು ಸಣ್ಣ ಟರ್ಬೋದ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ಇರುತ್ತದೆ. ಸೆಕೆಂಡಿಗೆ ಮೂರು ಸಾವಿರಕ್ಕೂ ಜಾಸ್ತಿ. ಪೆನ್ಸಿಲಿನಷ್ಟು ದಪ್ಪ ಇಲ್ಲದ ಆ ಶಾಫ್ಟ್ ತನ್ನನ್ನು ಹಿಡಿದಿರುವ ಬುಷ್‌ಗೆ ತಾಗದೆ, ಆಯಿಲಿನ ತೆಳು ಪದರದ ಮೇಲೆ ತೇಲುತ್ತಾ ತಿರುಗಬೇಕು. ಆ ಪದರ ಒಂದೆರಡು ಸೆಕೆಂಡ್ ಕಡಿದರೂ ಸಾಕು, ಬುಷ್ ಗೀರಿಹೋಗುತ್ತದೆ.

ಹೋದ ವರ್ಷ ಸಾಗರದ ಕಡೆಯ ಒಂದು ಗಾಡಿಯ ಟರ್ಬೋ ಬಂದಿತ್ತು. ಬೂಸ್ಟ್, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡ, ಜಾಸ್ತಿ ಮಾಡಿಸಿದ್ದರು. ಗಾಳಿ ಎಳೆಯುವ ಅಲ್ಯುಮಿನಿಯಂ ಚಕ್ರ ಬಿಚ್ಚಿ ಹಿಂಭಾಗ ತಿರುಗಿಸಿ ನೋಡಿದೆ. ನುಣ್ಣಗೆ ಇರಬೇಕಾದ ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಆಗಿತ್ತು. ಅದು ಓವರ್‌ಸ್ಪೀಡಿನ ಗುರುತು. ಲೋಹ ಹಿಗ್ಗಿ ಹಿಗ್ಗಿ ದಣಿದಿರುತ್ತದೆ. ಇನ್ನೊಂದಿಷ್ಟು ದಿನ ಓಡಿಸಿದ್ದರೆ ಚಕ್ರ ಒಡೆದು ಚೂರುಗಳು ಟರ್ಬೋ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಡೆ ಹೋಗುತ್ತಿದ್ದವು.

ನಿಮ್ಮದು ಫಿಯೆಟ್ ಮೂಲದ 1,248 ಸಿಸಿ ಎಂಜಿನ್ ಅಲ್ವಾ? ಅದೇ ಎಂಜಿನ್ ಸ್ವಿಫ್ಟ್‌ನಲ್ಲಿ 75 ಪವರ್ ಕೊಡುತ್ತಿತ್ತು, ಸಿಯಾಜ್‌ನಲ್ಲಿ 90. 90 ಬೇಕಾದಾಗ ಸುಮ್ನೆ ಡೀಸೆಲ್ ಜಾಸ್ತಿ ಸುರಿಯಲಿಲ್ಲ, ಟರ್ಬೋವನ್ನೇ ಬದಲಿಸಿ ಒಳಗಿನ ರೆಕ್ಕೆಗಳು ತೆರೆದು ಮುಚ್ಚುವ ಬೇರೆ ಜಾತಿಯದ್ದು ಹಾಕಿದರು. ಈಗ ನಿಮಗೆ ಹಳೆಯ ಸಣ್ಣ ಟರ್ಬೋ ಇಟ್ಟುಕೊಂಡೇ ನೂರು ಕೊಡುತ್ತೇವೆ ಅಂತಾರೆ ಅಂದರೆ, ಅದರ ಕೊನೆಯ ಉಸಿರಿನವರೆಗೂ ದುಡಿಸುತ್ತಾರೆ ಅಂತಲೇ ಅರ್ಥ.

ಪ್ರಶ್ನೆ (ಅದೇ ತೀರ್ಥಹಳ್ಳಿಯವರು):
ಅಣ್ಣಾ, ಅವರು ಮಷಿನ್ ಮೇಲೆ ಗಾಡಿ ಓಡಿಸಿ ರಿಪೋರ್ಟ್ ಕೊಡ್ತಾರಂತೆ. ಅದರಲ್ಲಿ ಸರಿ ಬಂದರೆ ನಂಬಬಹುದಾ?

ಉತ್ತರ:
ಆ ಮಷಿನ್ ಮೇಲೆ ಪೂರ್ತಿ ಒತ್ತುವುದು ಕೆಲವೇ ಸೆಕೆಂಡು. ಆಗುಂಬೆಯ 14 ತಿರುವು ಹಾಗಲ್ಲ. ಘಾಟಿ ಬುಡದ ಸೋಮೇಶ್ವರ ಬಿಟ್ಟ ಮೇಲೆ ಕಾಲು ಎತ್ತುವ ಹಾಗಿಲ್ಲ. ಗಾಡಿ ತುಂಬಾ ಭಾರ, ಸ್ಪೀಡ್ ಕಡಿಮೆ, ಬಾನೆಟ್ ಒಳಗೆ ಗಾಳಿ ಕಡಿಮೆ, ಬಿಸಿ ನಿಮಿಷ ನಿಮಿಷಕ್ಕೂ ಏರುತ್ತಲೇ ಇರುತ್ತದೆ. ಡೀಸೆಲಿನಲ್ಲಿ ಗಾಳಿಯ ಲೆಕ್ಕಕ್ಕೆ ಇಂಧನ ಜಾಸ್ತಿಯಾದಷ್ಟೂ ಹೊಗೆಯ ಬಿಸಿ ಜಾಸ್ತಿ. ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಉಗುಳುವ ರೀಮ್ಯಾಪ್ ಇದ್ದರೆ ಅದನ್ನು ಪವರ್ ಅಂದುಕೊಳ್ಳಬೇಡಿ. ಟರ್ಬೈನಿಗೆ, ಅಂದರೆ ಟರ್ಬೋದ ಹೊಗೆ ಕಡೆಯ ಚಕ್ರಕ್ಕೆ, ಹೋಗುವ ಹೊಗೆ ಘಾಟಿ ಹತ್ತುವಾಗ 750 ಡಿಗ್ರಿ ದಾಟಲು ನಾನು ಬಿಡುವುದಿಲ್ಲ. ಮಾಡುವವರನ್ನು ಇದನ್ನೇ ಕೇಳಿ: ಹತ್ತು ನಿಮಿಷ ಲೋಡಿನಲ್ಲಿ ಹೊಗೆಯ ಬಿಸಿ ಎಷ್ಟು, ಬೂಸ್ಟ್ ಎಷ್ಟು? ಅಳೆದಿಲ್ಲ ಅಂದರೆ ಎದ್ದು ಬನ್ನಿ.

ಇನ್ನೊಂದು ವಿಷಯ, ಇದು ರೀಮ್ಯಾಪ್ ಮಾಡಿಸದವರಿಗೂ. ಘಾಟಿ ಹತ್ತಿ ಬಂದ ಕೂಡಲೇ ಸೂರ್ಯಾಸ್ತ ನೋಡುವ ಜಾಗ ಸಿಗುತ್ತದೆ. ಎಲ್ಲರೂ ಗಾಡಿ ಪಕ್ಕಕ್ಕೆ ಹಾಕಿ ತಕ್ಷಣ ಕೀ ತಿರುಗಿಸಿ ಇಳಿಯುತ್ತಾರೆ. ಆಗ ಟರ್ಬೋ ಕೆಂಡದಂತೆ ಕಾದಿರುತ್ತದೆ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ. ಬುಷ್ ಹತ್ತಿರ ಉಳಿದ ಆಯಿಲ್ ಅಲ್ಲೇ ಸುಟ್ಟು, ಬಾಣಲೆ ತಳಕ್ಕೆ ಹತ್ತಿದ ಹಾಗೆ ಗಟ್ಟಿಯಾಗುತ್ತದೆ. ಒಂದು ಸಲಕ್ಕೆ ಏನೂ ಆಗಲ್ಲ, ವಾರಕ್ಕೆ ಎರಡು ಸಲದಂತೆ ವರ್ಷಗಟ್ಟಲೆ ಆದರೆ ಆಯಿಲ್ ಬರುವ ದಾರಿಯೇ ಕಟ್ಟುತ್ತದೆ. ಕೊನೆಯ ಅರ್ಧ ಕಿಲೋಮೀಟರ್ ನಿಧಾನ ಬನ್ನಿ. ನಿಲ್ಲಿಸಿ ಒಂದೆರಡು ನಿಮಿಷ ಎಂಜಿನ್ ಹಾಗೇ ಬಿಡಿ. ದಯವಿಟ್ಟು ಇದೊಂದು ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ (ಹೊಸನಗರದಿಂದ):
ಅದರ ಬದಲು ದೊಡ್ಡ ಟರ್ಬೋನೇ ಹಾಕಿಸಿದರೆ ಆಗಲ್ವಾ ಸರ್? ಹುಲಿಕಲ್ ಘಾಟಿಯಲ್ಲಿ ನನ್ನದೂ ಇದೇ ಕಥೆ.

ಉತ್ತರ:
ನಮ್ಮ ಘಾಟಿಗಳಿಗೆ ಅದು ಹೊಂದುವುದಿಲ್ಲ. ದೊಡ್ಡ ಚಕ್ರ ತಿರುಗಿಸಲು ಹೊಗೆ ಜಾಸ್ತಿ ಬೇಕು. ಹೇರ್‌ಪಿನ್ ತಿರುವಿನಲ್ಲಿ ಎಂಜಿನ್ 1,500 ಸುತ್ತಿಗೆ ಇಳಿದಾಗಲೇ ನಿಮಗೆ ಎಳೆತ ಬೇಕು, ದೊಡ್ಡ ಟರ್ಬೋ ಆಗ ಇನ್ನೂ ಎದ್ದಿರುವುದಿಲ್ಲ. ಹೈವೇಯಲ್ಲಿ ಚೆನ್ನ, ಹುಲಿಕಲ್‌ನಲ್ಲಿ ಈಗಿನದಕ್ಕಿಂತ ಕಡೆ. ಎಳೆತ ಜಾಸ್ತಿಯಾದರೆ ಕ್ಲಚ್ಚೂ ಜಾರಲು ಶುರುವಾಗುತ್ತದೆ, ಆ ಖರ್ಚು ಯಾರೂ ಮೊದಲು ಹೇಳುವುದಿಲ್ಲ. ಏನೇ ಬದಲಾವಣೆ ಮಾಡಿಸಿದರೂ ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ.

ತೀರ್ಥಹಳ್ಳಿಯವರಿಗೆ: 1,18,000 ಓಡಿದ ಗಾಡಿ ಒದ್ದಾಡುತ್ತದೆ ಅಂದರೆ ಅದಕ್ಕೆ ಇದ್ದ 75 ಪವರ್ರೇ ಪೂರ್ತಿ ಸಿಗುತ್ತಿದೆಯಾ ಅಂತ ನೋಡಬೇಕು. ಏರ್ ಫಿಲ್ಟರ್ ತೆಗೆದು ನೋಡಿ, ತೋಟದ ಕೆಂಪು ಧೂಳು ಎಷ್ಟಿದೆ ಅಂತ. ಇಂಟರ್‌ಕೂಲರ್ ಹೋಸ್‌ಗಳ ಅಡಿಭಾಗಕ್ಕೆ ಕೈ ಹಾಕಿ ಸವರಿ. ನಮ್ಮಲ್ಲಿ ಅಡಿಕೆ ಚೀಲದ ಪಕ್ಕ ಕಾರು ನಿಲ್ಲಿಸುತ್ತೇವೆ, ಇಲಿ ಕಡಿದ ಹೋಸ್ ನಾನು ಎಷ್ಟೋ ನೋಡಿದ್ದೇನೆ. ಅಲ್ಲಿ ಗಾಳಿ ಸೋರಿದರೆ ಟರ್ಬೋ ಅದನ್ನು ತುಂಬಿಸಲು ಇನ್ನೂ ಜೋರಾಗಿ ತಿರುಗುತ್ತದೆ. ಆಮೇಲೆ ಎಂಜಿನ್ ತಣ್ಣಗಾದಾಗ ಫಿಲ್ಟರಿನಿಂದ ಟರ್ಬೋಗೆ ಬರುವ ಹೋಸ್ ಬಿಚ್ಚಿ, ಚಕ್ರದ ನಡುವಿನ ನಟ್ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಕೂದಲೆಳೆಯಷ್ಟು ಅಲ್ಲಾಡಿದರೆ ಸರಿ. ಹಿಂದೆ ಮುಂದೆ ಎಳೆದರೆ ಕೈಗೆ ಗೊತ್ತಾಗುವಷ್ಟು ಬರಬಾರದು. ಬ್ಲೇಡ್ ಗೋಡೆಗೆ ತಾಗಲೇಬಾರದು. ಫೋಟೋ ಹಾಕಿ.

ಪ್ರಶ್ನೆ (ತೀರ್ಥಹಳ್ಳಿಯವರು, ಎರಡು ದಿನದ ನಂತರ):
ನೋಡಿದೆ ಅಣ್ಣಾ. ಒಂದು ಹೋಸ್ ಕ್ಲಾಂಪ್ ಹತ್ತಿರ ಸೀಳಿದೆ, ಸುತ್ತ ಕಪ್ಪು ಎಣ್ಣೆ ಜಿಡ್ಡು. ನಟ್ ಹಿಡಿದು ಎಳೆದರೆ ಹಿಂದೆ ಮುಂದೆ ಸಣ್ಣಗೆ ಟಿಕ್ ಅನ್ನುತ್ತದೆ. ಬ್ಲೇಡ್ ಅಂಚು ಸವೆದ ಹಾಗಿದೆ. ನಿಜ ಹೇಳ್ತೇನೆ, ಹೋದ ಸಲ ಆಯಿಲ್ ಬದಲಿಸದೆ 17,000 ಓಡಿಸಿದ್ದೆ.

ಉತ್ತರ:
ಹೇಳಿದ್ದು ಒಳ್ಳೆಯದಾಯಿತು. ಟಿಕ್ ಅಂದರೆ ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಸವೆದಿದೆ. ಇದರ ಮೇಲೆ ರೀಮ್ಯಾಪ್ ಮಾಡಿಸಬೇಡಿ. ಹೋಸ್ ಇವತ್ತೇ ಬದಲಿಸಿ. ಅದೊಂದರಿಂದಲೇ ಎಳೆತದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಟರ್ಬೋ ಕೆಲಸಕ್ಕೆ ಕೊಟ್ಟಾಗ ನಾಲ್ಕು ವಿಷಯ ಹೇಳಿ ಮಾಡಿಸಿ. ಟರ್ಬೋಗೆ ಆಯಿಲ್ ತರುವ ಫೀಡ್ ಪೈಪ್ ತೊಳೆದು ಹಾಕುವುದು ಬೇಡ, ಹೊಸದೇ ಬೇಕು. ಹಳೆಯದರಲ್ಲಿ ಒಂದು ಚೂರು ಕರಿ ಉಳಿದಿದ್ದರೂ ಹೊಸ ಬುಷ್‌ಗೆ ಅದೇ ಯಮ. ಎಂಜಿನ್ ಅಡಿಯ ಆಯಿಲ್ ತಟ್ಟೆ (ಸಂಪ್) ಇಳಿಸಿ, ಒಳಗಿನ ಆಯಿಲ್ ಜಾಲರಿ (ಸ್ಟ್ರೈನರ್) ತೊಳೆಯಬೇಕು, 17,000ದ ಕೆಸರು ಅಲ್ಲೇ ಕೂತಿರುತ್ತದೆ. ಆಯಿಲ್ ಪೈಪಿನ ಜಾಗಕ್ಕೆ ಸಿಲಿಕಾನ್ ಮೆತ್ತಬಾರದು, ಗ್ಯಾಸ್ಕೆಟ್ ಮಾತ್ರ. ಹೆಚ್ಚಾದ ಸಿಲಿಕಾನ್ ಒಳಗೆ ಕಿತ್ತುಕೊಂಡು ದಾರಿ ಮುಚ್ಚಿದ್ದನ್ನು ನಾನೇ ಚಿಮಟಿಯಲ್ಲಿ ಎಳೆದು ತೆಗೆದಿದ್ದೇನೆ. ಕೂರಿಸುವ ಮೊದಲು ಟರ್ಬೋ ಒಳಗೆ ಆಯಿಲ್ ಹನಿಸಿ ಕೈಯಲ್ಲಿ ತಿರುಗಿಸಬೇಕು.

ಇಷ್ಟಾದ ಮೇಲೆ ಮಾಮೂಲಿ ಮ್ಯಾಪಿನಲ್ಲೇ ಎರಡು ಸಾವಿರ ಕಿಲೋಮೀಟರ್ ಓಡಿಸಿ, ಆಯಿಲ್ ಬದಲಿಸಿ, ಹಳೆಯದನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಲೋಹದ ಮಿಂಚು ಕಾಣದಿದ್ದರೆ ಕರೆ ಮಾಡಿ. ಆಗಲೂ ಪವರ್ ಸಾಲದು ಅನಿಸಿದರೆ ನೂರರ ಆಸೆ ಬಿಟ್ಟು 85ರ ಹತ್ತಿರದ ಹದವಾದ ಮ್ಯಾಪ್ ಮಾಡಿಸೋಣ. ಘಾಟಿ ಹತ್ತುವಾಗ ನಾನೇ ಪಕ್ಕ ಕೂತು ಬಿಸಿ ನೋಡುತ್ತೇನೆ.